ಚುಚ್ಚಿದ ಮೇಲಿನ ಅರ್ಧ ಗಂಟೆ

ಮಾರ್ಚ್ 3, ಬೆಳಿಗ್ಗೆ 7.10

ಚುಚ್ಚಿ ಆಯಿತು. ಹೊಟ್ಟೆಯ ಎಡಗಡೆ. ಸೂಜಿ ಖಾಲಿ ಪೇಂಟ್ ಡಬ್ಬಿಗೆ, ಮುಚ್ಚಳ ಭದ್ರ. ಇನ್ನು ಅರ್ಧ ಗಂಟೆ ಬಾಯಿಗೆ ಬೀಗ, ಆಮೇಲೆ ತಿಂಡಿ. ತಪ್ಪಿಸುವ ಹಾಗಿಲ್ಲ.

ಈ ಪುಸ್ತಕ ಕ್ಲಿನಿಕ್ಕಿನ ನರ್ಸಮ್ಮ ಕೊಟ್ಟದ್ದು, ಸಕ್ಕರೆಯ ಅಂಕಿ ಬರೆದಿಡಲು. ಅಂಕಿಗೆ ಅರ್ಧ ನಿಮಿಷ ಸಾಕು. ಮಿಕ್ಕ ಇಪ್ಪತ್ತೊಂಬತ್ತೂವರೆ ನಿಮಿಷ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಬರೆಯುತ್ತೇನೆ. ಯಾರೂ ಓದುವುದು ಬೇಡ.

ಹನ್ನೊಂದು ವರ್ಷ ಮಾತ್ರೆ ನುಂಗಿದ್ದಾಯಿತು, ನಿನ್ನೆಯಿಂದ ಇನ್ಸುಲಿನ್. ಎರಡು ಬಗೆಯದ್ದನ್ನು ಮೊದಲೇ ಬೆರೆಸಿ ಒಂದೇ ಸೀಸೆಗೆ ಹಾಕಿರುತ್ತಾರಂತೆ. ಒಂದು ಅವಸರದ್ದು, ಆಗಷ್ಟೇ ತಿಂದ ಊಟಕ್ಕೆ. ಇನ್ನೊಂದು ನಿಧಾನದ್ದು, ದಿನವಿಡೀ ಎಳೆಯುತ್ತದೆ. ಥೇಟ್ ನಮ್ಮ ಮನೆ — ನಾನು ಮತ್ತು ಯಜಮಾನರು.

ಸೀಸೆಯ ಮೇಲೆ ನಲವತ್ತು ಯೂನಿಟ್ಟಿನದು ಅಂತಿದೆ, ಸಿರಿಂಜಿನ ಮೇಲೂ ನಲವತ್ತು. ತಾಳೆ ನೋಡಿದ್ದೇನೆ. "ಜೋರಾಗಿ ಕುಲುಕ್ಬೇಡಿ" ಅಂದರು ನರ್ಸಮ್ಮ. ಬೋರ್ಡು ಬರೆಯುವವಳಿಗೆ ಅದನ್ನು ಹೇಳಿಕೊಡಬೇಕೇ? ವಾರ್ನಿಷ್ ಕುಲುಕಿದರೆ ಗುಳ್ಳೆ ಏಳುತ್ತದೆ, ಮೂವತ್ತು ವರ್ಷದಿಂದ ಗೊತ್ತು. ಆಮೇಲೂ ಏನೋ ಹೇಳುತ್ತಿದ್ದರು. ಅವರ ಬೆನ್ನ ಹಿಂದಿನ ಬೋರ್ಡಿನಲ್ಲಿ 'ಔಷಧ'ದ ಷ ಸೊಂಟ ಮುರಿದುಕೊಂಡು ನಿಂತಿತ್ತು. ನನ್ನ ಕಣ್ಣೆಲ್ಲ ಅದರ ಮೇಲೆ. ಹೂಂ ಹೂಂ ಅಂತ ತಲೆ ಆಡಿಸಿ ಬಂದೆ.

ಮಾರ್ಚ್ 4, ಸಂಜೆ 7.30

ಸೀಸೆ ಫ್ರಿಜ್ಜಿನಲ್ಲಿ ಮಹಾರಾಣಿಯ ಹಾಗೆ ಕೂತಿದೆ. ಬಿಳಿಯದ್ದೆಲ್ಲ ತಳಕ್ಕೆ ಇಳಿದು ಮೇಲೆ ತಿಳಿನೀರು. ಎಷ್ಟು ಚೆಂದ ಕೂತಿದೆ, ಯಾಕೆ ಕದಡಲಿ? ಮೆಲ್ಲಗೆ ಬಗ್ಗಿಸಿ, ಬಿಳಿ ಮೂತಿಗೆ ಬರುವ ಮುಂಚೆ ಸರಕ್ಕನೆ ಎಳೆದುಕೊಳ್ಳುತ್ತೇನೆ. ಕುಂಚ ಹಿಡಿದ ಕೈ, ಅಲುಗಾಟವೇ ಇಲ್ಲ.

ಗ್ರಂಥಾಲಯದ ಗೋಡೆಯಲ್ಲಿ ಇವತ್ತು 'ಬ' ಮುಗಿಯಿತು. ಒಟ್ಟು ಆರು ಅಕ್ಷರ — 'ಬನ್ನಿ ಕೂತು ಓದಿ'. ಒಂದೊಂದೂ ಆಳೆತ್ತರ, ಮೂರನೇ ಮಹಡಿಯ ಮಟ್ಟದಲ್ಲಿ. ಮೂವತ್ತಕ್ಕೆ ಬಾಗಿಲು ತೆರೆಯುತ್ತಾರೆ. ಇಷ್ಟು ದೊಡ್ಡ ಗೋಡೆ ನನ್ನ ಕೈಗೆ ಬಂದು ಎಂಟು ವರ್ಷವಾಗಿತ್ತು. ಊರೆಲ್ಲ ಫ್ಲೆಕ್ಸ್ ಆದ ಮೇಲೆ ಕೈಬರಹ ಯಾರಿಗೆ ಬೇಕು. ಈ ಲೈಬ್ರರಿ ಮೇಡಂ ಒಬ್ಬರಿಗೆ ಬೇಕಾಯಿತು, ಅವರ ಹೊಟ್ಟೆ ತಣ್ಣಗಿರಲಿ.

ಏಣಿ ಹಿಡಿಯುವುದು ನನ್ನ ತಮ್ಮ. ಮಧ್ಯಾಹ್ನ ಕೆಳಗಿನಿಂದ ಕೂಗಿದ, "ಅಕ್ಕ, ಭಾವನ ಬಸ್ಸು ಇಲ್ಲಿ ನಿಂತ್ಕೊಂಡಿದೆ. ಇಲ್ಲಿ ಸ್ಟಾಪೇ ಇಲ್ವಲ್ಲ."

ಅರ್ಧ ನಿಮಿಷ ನಿಂತು ಹೋಯಿತು. ಡ್ರೈವರ್ ಸಾಹೇಬರು ಯಾಕೆ ನಿಲ್ಲಿಸಿದರು ಅಂತ ನನಗೆ ಗೊತ್ತು. ಎದುರಿಗೇ ಬೇಕರಿ. ಹೆಂಡತಿ ಅದರೊಳಗೆ ಇದ್ದಾಳೋ ಏಣಿಯ ಮೇಲೆ ಇದ್ದಾಳೋ ಅಂತ ಪಹರೆ.

ಮಾರ್ಚ್ 6, ಸಂಜೆ 7.25

'ನ್ನಿ' ಮುಗಿಸುವಾಗ, ಹನ್ನೊಂದು ಗಂಟೆ ಹೊತ್ತಿಗೆ, ಗೆರೆ ಸೊಟ್ಟಗಾಯಿತು. ನನ್ನ ಗೆರೆ. ನೋಡುತ್ತಿದ್ದ ಹಾಗೇ ಬೆವರು, ಕೈ ನಡುಕ, ಅಕ್ಷರ ಎರಡೆರಡು. ಏಣಿಯನ್ನು ತಬ್ಬಿಕೊಂಡು ಒಂದೊಂದೇ ಮೆಟ್ಟಿಲು ಇಳಿದೆ. ತಮ್ಮ ತನ್ನ ಟೀಗೆ ಮೂರು ಚಮಚ ಸಕ್ಕರೆ ಸುರಿದು ಕುಡಿಸಿದ. ಮೀಟರಿನಲ್ಲಿ 58. ಕಾಲು ಗಂಟೆ ಬಿಟ್ಟು 91. ಆಮೇಲೆ ಬ್ರೆಡ್ಡು ತಿಂದೆ.

ಹೆದರಿದೆ. ಸುಳ್ಳು ಯಾಕೆ ಹೇಳಲಿ.

ಕ್ಲಿನಿಕ್ಕಿಗೆ ಫೋನ್ ಮಾಡಿದರೆ ನರ್ಸಮ್ಮ ಡಾಕ್ಟರನ್ನು ಕೇಳಿ ಬಂದು ಹೇಳಿದರು, "ಹತ್ತು ದಿನ ಒಂದ್ಸಲಾನೂ ಎಪ್ಪತ್ತರ ಕೆಳಗೆ ಇಳೀಬಾರ್ದು. ಅಲ್ಲಿವರೆಗೂ ಏಣಿ ಹತ್ತಂಗಿಲ್ಲ. ಅಂಕಿ ಎಲ್ಲಾ ಬರೆದಿಡಿ, ಹದಿನೈದಕ್ಕೆ ಬನ್ನಿ."

ಇನ್ನು ನಾಲ್ಕು ಅಕ್ಷರ ಬಾಕಿ.

ಮಾರ್ಚ್ 7, ಸಂಜೆ 7.30

ಊಟಕ್ಕೆ ಮುಂಚೆ 287. ಬೆಳಿಗ್ಗೆ ಪಾತಾಳ, ಸಂಜೆ ಆಕಾಶ.

"ಏನು ತಿಂದೆ?" ಅಂದರು ಯಜಮಾನರು.

"ನೀವು ತಿಂದಿದ್ದೇ."

"ಅದಕ್ಕೆ ಇನ್ನೂರ ಎಂಬತ್ತೇಳು ಬರುತ್ತೇನೇ? ನಿಜ ಹೇಳು, ನಾನೇನು ಹೊಡೀತೀನಾ."

ಮದುವೆಯಾಗಿ ಇಪ್ಪತ್ತಾರು ವರ್ಷ. ಹಳೆಯ ಕಾಲದಲ್ಲಿ ಕದ್ದು ತಿಂದಿದ್ದೇನೆ, ಇಲ್ಲ ಅನ್ನುವುದಿಲ್ಲ. ಬೋರ್ಡು ಬರೆದ ಬೇಕರಿಯಲ್ಲೆಲ್ಲ ಒಂದೊಂದು ಕೇಕು. ಆದರೆ ಈಗ ಒಂದು ತುಣುಕೂ ಇಲ್ಲ. ತಿನ್ನದೇ ಬೈಸಿಕೊಳ್ಳುವುದಕ್ಕಿಂತ ತಿಂದಾದರೂ ಬೈಸಿಕೊಳ್ಳಬಹುದಿತ್ತು.

ಮಾರ್ಚ್ 9, ಸಂಜೆ 7.20

ಇವತ್ತಿನದು ಬರೆಯಲು ನಗು ಬರುತ್ತದೆ. ಆಗ ಬಂದಿರಲಿಲ್ಲ.

ಹತ್ತೂ ಮುಕ್ಕಾಲಿಗೆ ಮತ್ತೆ ಕೈ ನಡುಕ. 54. ಸಕ್ಕರೆ ಡಬ್ಬಿ ಜಾಗದಲ್ಲಿ ಇಲ್ಲ. ನೋಡಿದರೆ ಕಪಾಟಿನ ನೆತ್ತಿಯ ಮೇಲೆ, ಗೋಡೆಗೆ ಒತ್ತಿ ಇಟ್ಟಿದ್ದಾರೆ. ಯಾರು ಅಂತ ಕೇಳಬೇಕೇ? ಮೂರು ಮಹಡಿ ಹತ್ತುವವಳಿಗೆ ಆಗ ಒಂದು ಸ್ಟೂಲು ಹತ್ತುವ ಧೈರ್ಯ ಇಲ್ಲ. ಪೊರಕೆಯ ಹಿಡಿಯಿಂದ ತಳ್ಳಿದೆ. ಡಬ್ಬಿ ಬಂತು, ಮುಚ್ಚಳ ಬೇರೆ, ಡಬ್ಬಿ ಬೇರೆ, ಸಕ್ಕರೆಯೆಲ್ಲ ನನ್ನ ತಲೆಯ ಮೇಲೆ. ನೆಲದಲ್ಲಿ ಕೂತು ಬಾಚಿ ಬಾಚಿ ಬಾಯಿಗೆ ಹಾಕಿಕೊಂಡೆ.

ಆಗಲೇ ಇವರು ಡ್ಯೂಟಿ ಬದಲಿಸಿಕೊಂಡು ಮನೆಗೆ ಬರಬೇಕೇ? ಬಾಗಿಲಲ್ಲಿ ನಿಂತರು. ನಾನು ಸಕ್ಕರೆಯ ರಾಶಿಯ ನಡುವೆ, ಎರಡೂ ಕೆನ್ನೆ ಉಬ್ಬಿಸಿಕೊಂಡು.

"ಸಿಕ್ಕಿಬಿದ್ದೆ" ಅಂದರು.

ಬಾಯಿ ತುಂಬಿತ್ತು. ಮೀಟರ್ ಎತ್ತಿ ತೋರಿಸಿದೆ. ನೋಡಿದರು. ಮುಖ ಬಿಳುಚಿಕೊಂಡಿತು. ಪೊರಕೆ ತಗೊಂಡು ಗುಡಿಸಿದರು. ಆದರೂ ಸಂಜೆ 264 ಬಂದಾಗ ಮತ್ತೆ ಅದೇ ಅನುಮಾನದ ನೋಟ. ಡಬ್ಬಿ ಮಾತ್ರ ಕೆಳಗೆ ಬಂದಿದೆ.

ಮಾರ್ಚ್ 13, ಬೆಳಿಗ್ಗೆ 7.15

ಮೂರು ದಿನ ಅಂಕಿ ಮಾತ್ರ ಬರೆದೆ. ಮಾತು ಬರೆಯುವ ಮನಸ್ಸಿರಲಿಲ್ಲ.

ನಿನ್ನೆ ಲೈಬ್ರರಿ ಮೇಡಂ ಬಂದಿದ್ದರು. ಒಳ್ಳೆಯ ಹೆಂಗಸು, ಹೇಳಲು ಒದ್ದಾಡಿದರು. "ಬೇಜಾರು ಮಾಡ್ಕೋಬೇಡಿ. ಇಪ್ಪತ್ತಾರರ ಒಳಗೆ ಶುರು ಆಗ್ಲಿಲ್ಲ ಅಂದ್ರೆ ಮೇಲಿನವರು ಫ್ಲೆಕ್ಸ್ ಹಾಕ್ಸಿ ಅಂತಾರೆ. ನಾನು ತಡೆಯೋಕಾಗಲ್ಲ."

'ಬನ್ನಿ' ಅಂತ ಕರೆದು ಅರ್ಧದಲ್ಲೇ ನಿಂತಿದೆ ನನ್ನ ಗೋಡೆ. ಅದರ ಮೇಲೆ ಫ್ಲೆಕ್ಸ್ ಎಳೆಯುತ್ತಾರೆ. ಒಮ್ಮೆ ಅನ್ನಿಸಿತು, ಚುಚ್ಚಿಕೊಳ್ಳುವುದನ್ನೇ ನಾಲ್ಕು ದಿನ ನಿಲ್ಲಿಸಿದರೆ? ಇಳಿಯುವ ಭಯವಾದರೂ ಇಲ್ಲವಲ್ಲ. ಫೋನಿನಲ್ಲಿ ನರ್ಸಮ್ಮ ಒಂದೇ ಮಾತಿಗೆ ಬಾಯಿ ಮುಚ್ಚಿಸಿದರು. "ಬಿಟ್ರೆ ಏಣಿ ಅಲ್ಲ, ಆಸ್ಪತ್ರೆ ಮಂಚ ಹತ್ತಬೇಕಾಗುತ್ತೆ. ನೀವಾಗಿ ಜಾಸ್ತಿ ಕಮ್ಮಿ ಏನೂ ಮಾಡ್ಬೇಡಿ."

ಸೀಸೆ ಮುಗಿಯುತ್ತ ಬಂತು. ಉಳಿದದ್ದು ಸುಣ್ಣದ ಹಾಗೆ ಗಟ್ಟಿ. ಈಗ ಹನ್ನೊಂದಕ್ಕೆ ಇಳಿಯುವುದಿಲ್ಲ, ತಿಂಡಿಯಾದ ಮೇಲೆ ಏರಿ ಕೂರುತ್ತದೆ. ಇದಕ್ಕೆ ತಲೆ ಬುಡ ಒಂದೂ ಇಲ್ಲ.

ಮಾರ್ಚ್ 14, ಸಂಜೆ 7.20

ಗೊತ್ತಾಯಿತು. ಗೊತ್ತಾಯಿತು ಅಂತಲೇ ಅನ್ನಿಸುತ್ತದೆ.

ನೆಲದ ಮೇಲೆ ನಿಂತು ಬರೆಯುವ ಕೆಲಸ ಒಂದಿತ್ತು, ಗ್ರಂಥಾಲಯದ ಸಮಯದ ಬೋರ್ಡು. ತಮ್ಮನಿಗೆ ಗುರುತು ಹಾಕಿಕೊಟ್ಟು ಬಣ್ಣ ತುಂಬು ಅಂತ ಹೇಳಿ ಟೀ ಕುಡಿಯಲು ಹೋದೆ. ಬಂದು ನೋಡಿದರೆ 'ಬೆಳಿಗ್ಗೆ' ಅನ್ನುವುದು ನೀರಿನಲ್ಲಿ ಬರೆದ ಹಾಗೆ, ಹಿಂದಿನ ಹಲಗೆ ಕಾಣಿಸುತ್ತಿದೆ. 'ಸಂಜೆ' ಅನ್ನುವುದು ಮುದ್ದೆ ಮುದ್ದೆ.

"ಬಣ್ಣ ಕಲಕಿದ್ಯೇನೋ?"

"ಇಲ್ಲ. ಮೇಲೆ ತಿಳಿಯಾಗಿ ಚೆನ್ನಾಗಿತ್ತು, ಹಾಗೇ ಅದ್ಕೊಂಡೆ."

"ಅಯ್ಯೋ ದಡ್ಡ, ಮೇಲಿರೋದು ಬರೀ ಎಣ್ಣೆ. ಬಣ್ಣ ಎಲ್ಲಾ ತಳದಲ್ಲಿ ಕೂತಿರುತ್ತೆ. ಎರಡೂ ಸೇರಿದ್ರೆ ತಾನೇ ಪೇಂಟು. ಕಲಕದೆ ತಗೊಂಡ್ರೆ ಮೊದ್ಲು ಒಂಥರಾ, ಕೊನೆಗೆ ಇನ್ನೊಂಥರಾ..."

ಅಲ್ಲೇ ನಿಂತುಬಿಟ್ಟೆ. ಬೈಗುಳ ಅರ್ಧಕ್ಕೆ ನಿಂತದ್ದು ನೋಡಿ ತಮ್ಮ ಗಾಬರಿಯಾಗಿ ಮೀಟರ್ ತಂದ. ಸಕ್ಕರೆ ಸರಿಯಿತ್ತು. ಕೆಟ್ಟಿದ್ದು ನನ್ನ ಬುದ್ಧಿ. ಇನ್ಸುಲಿನ್ನನ್ನು ವಾರ್ನಿಷ್ ಅಂದುಕೊಂಡಿದ್ದೆನಲ್ಲ, ಅದು ಪೇಂಟು.

ಮಾರ್ಚ್ 15, ಸಂಜೆ 7.15

ಯಜಮಾನರಿಗೆ ರಜೆ, ಜೊತೆಗೆ ಬಂದರು. ನರ್ಸಮ್ಮನ ಎದುರು ಸೀಸೆ ಇಟ್ಟು, ಮನೆಯಲ್ಲಿ ಮಾಡುವ ಹಾಗೇ ಮಾಡಿ ತೋರಿಸಿದೆ. ಅವರು ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ಹೀಗೆ ಯಾರು ಹೇಳ್ಕೊಟ್ಟಿದ್ದು?"

"ನೀವೇ. ಕುಲುಕ್ಬೇಡಿ ಅಂದ್ರಲ್ಲ."

"ಜೋರಾಗಿ ಬೇಡ ಅಂದೆ. ಅಂಗೈ ಮಧ್ಯೆ ಇಟ್ಟು ಹತ್ತು ಸಲ ಉರುಳ್ಸಿ, ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ತಿರುಗ್ಸಿ ಅಂತಾನೂ ಅಂದಿದ್ದೆ. ನೀವು ಹೂಂ ಅಂದ್ರಿ."

ಹೂಂ ಅಂದಿದ್ದು ಆ ಷಕ್ಕೆ ಅಂತ ಹೇಗೆ ಹೇಳಲಿ.

ಮೇಲಿನ ತಿಳಿಯೇ ಅವಸರದ ಇನ್ಸುಲಿನ್ ಅಂತೆ. ಅದನ್ನೇ ಬಸಿದು ಬಸಿದು ಚುಚ್ಚಿಕೊಂಡಿದ್ದೇನೆ, ಅದಕ್ಕೆ ಹನ್ನೊಂದಕ್ಕೆ ಕುಸಿತ. ನಿಧಾನದ್ದು ತಳದಲ್ಲೇ ಉಳಿಯಿತು, ಅದಕ್ಕೆ ಸಂಜೆ ಏರಿಕೆ. ಹಳೆಯ ಸೀಸೆ ಕಸಕ್ಕೆ. ಡಾಕ್ಟರು ಪ್ರಮಾಣ ಬದಲಿಸಲಿಲ್ಲ, ಸರಿಯಾಗಿ ಬೆರೆಸಿ ಹತ್ತು ದಿನ ನೋಡೋಣ ಅಂದರು. ನರ್ಸಮ್ಮ ಹೊಸ ಸೀಸೆ ನನ್ನ ಕೈಯಿಂದಲೇ ಉರುಳಿಸಿದರು. "ಹಾಲಿನ ಥರ ಒಂದೇ ಸಮ ಬೆಳ್ಳಗಾಗ್ಬೇಕು. ಗಂಟು ಗಂಟಾಗಿ ಉಳಿದ್ರೆ, ಗಾಜಿಗೆ ಅಂಟಿದ್ರೆ ಆ ಸೀಸೆ ಬೇಡ."

ಯಜಮಾನರು ಮೆಲ್ಲಗೆ ಕೇಳಿದರು, "ಹಾಗಾದ್ರೆ ಇವಳು... ಕದ್ದು ತಿಂದಿಲ್ವಾ?"

"ಅಂಕಿ ನೋಡಿದ್ರೆ ಗೊತ್ತಾಗುತ್ತಲ್ಲ ಸರ್. ಪಾಪ, ಯಾಕೆ ತಿಂತಾರೆ? ಸಕ್ಕರೆ ಮಾತ್ರ ಯಾವಾಗ್ಲೂ ಕೈಗೆಟಕೋ ಹಾಗಿರ್ಲಿ. ಮೇಲೆಲ್ಲೋ ಎತ್ತಿಟ್ಟು ಕೂತ್ಕೋಬೇಡಿ."

ಆಗ ಯಜಮಾನರೂ ಬೋರ್ಡಿನ ಷವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಹೊರಗೆ ಬಂದ ಮೇಲೆ ಫುಟ್‌ಪಾತಿನಲ್ಲಿ ನಿಂತು, "ತಪ್ಪಾಯ್ತು ಕಣೇ" ಅಂದರು. ಇಪ್ಪತ್ತಾರು ವರ್ಷದಲ್ಲಿ ಆ ಮಾತು ಎಷ್ಟು ಸಲ ಕೇಳಿದ್ದೇನೋ, ಒಂದು ಕೈಯ ಬೆರಳುಗಳು ಸಾಕು ಎಣಿಸಲು. ಅಳು ಬಂತು. ಹಣ್ಣಿನ ಅಂಗಡಿಯವನು ನೋಡುತ್ತಿದ್ದ, ಅದಕ್ಕೆ ಬೇಗ ಮುಗಿಸಿದೆ.

ಮಾರ್ಚ್ 18, ಬೆಳಿಗ್ಗೆ 7.10

ಬೆಳಿಗ್ಗೆ 138. ನಿನ್ನೆ ಹನ್ನೊಂದಕ್ಕೆ 112. ಸಂಜೆ 151. ಯಾರದೋ ಪುಸ್ತಕದ ಅಂಕಿ ನೋಡಿದ ಹಾಗಾಯಿತು.

ಉರುಳಿಸುವಾಗ ಯಜಮಾನರು ಎದುರು ನಿಂತು ಎಣಿಸುತ್ತಾರೆ. ಇವತ್ತು ಎಂಟಕ್ಕೆ ನಿಲ್ಲಿಸಿದೆ, ಬೇಕಂತಲೇ. "ಇನ್ನೆರಡು" ಅಂದರು, ಅವರ ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೇಳುವ ದನಿಯಲ್ಲಿ.

ಮಾರ್ಚ್ 22, ಬೆಳಿಗ್ಗೆ 7.15

ಏಳು ದಿನ ಆಯಿತು, ಒಮ್ಮೆಯೂ ಇಳಿದಿಲ್ಲ. ಸುಮ್ಮನೆ ಕೂರಲಾರದೆ ನಿನ್ನೆ ಕ್ಲಿನಿಕ್ಕಿಗೆ ಹೋಗಿ ಆ ಷದ ಸೊಂಟ ನೆಟ್ಟಗೆ ಮಾಡಿಬಂದೆ. ಇನ್ನು ಮುಂದೆ ಅಲ್ಲಿ ಯಾರಾದರೂ ನರ್ಸಮ್ಮನ ಮಾತು ಪೂರ್ತಿ ಕೇಳಿಸಿಕೊಳ್ಳಲಿ.

ಮಾರ್ಚ್ 26, ಬೆಳಿಗ್ಗೆ 7.10

ನಿನ್ನೆ ಡಾಕ್ಟರು ಹೂಂ ಅಂದರು. ಹತ್ತುವ ಮುಂಚೆ ನೋಡಬೇಕು, ಮೇಲಿದ್ದರೆ ಎರಡು ಗಂಟೆಗೊಮ್ಮೆ ಇಳಿದು ನೋಡಬೇಕು, ಜೇಬಿನಲ್ಲಿ ಸಕ್ಕರೆ. ಎಲ್ಲಕ್ಕೂ ಒಪ್ಪಿದೆ. ಈ ಸಲ ಕಿವಿಗೊಟ್ಟು ಕೇಳಿಯೇ ಒಪ್ಪಿದೆ.

ತಮ್ಮ ಫೋನಿನಲ್ಲಿ ನಗುತ್ತಿದ್ದಾನೆ. ನಿನ್ನೆ ಸಂಜೆ ಭಾವ ಬಂದು ಏಣಿಯ ಪ್ರತಿ ಐದನೇ ಮೆಟ್ಟಿಲಿಗೆ ಒಂದೊಂದು ಸಕ್ಕರೆ ಪೊಟ್ಟಣ ಕಟ್ಟಿ ಹೋಗಿದ್ದಾರಂತೆ.

"ರೀ, ನನ್ನ ಜೇಬಲ್ಲಿ ಒಂದಿದ್ರೆ ಸಾಕಾಗಿತ್ತಲ್ಲ. ಇರುವೆ ಹತ್ಕೊಳ್ಳುತ್ತೆ ಏಣಿಗೆ."

"ಹತ್ಕೊಳ್ಳಲಿ ಬಿಡು. ಕೈಗೆಟಕೋ ಹಾಗಿರ್ಬೇಕು ಅಂದ್ರಲ್ಲ."

ಮಾರ್ಚ್ 29, ಬೆಳಿಗ್ಗೆ 7.05

ಬಲಗಡೆ ಚುಚ್ಚಿದೆ. ಬೆಳಿಗ್ಗೆ 126. 'ಕೂ', 'ತು', 'ಓ' ಮುಗಿದಿವೆ. ಇವತ್ತು 'ದಿ'. ನಾಳೆ ಬಾಗಿಲು ತೆರೆಯುತ್ತಾರೆ. ಫ್ಲೆಕ್ಸಿನವನಿಗೆ ಬೇರೆ ಗೋಡೆ ಸಿಗಲಿ.

ನಿನ್ನೆ 'ಓ' ಮುಗಿಸಿ ಇಳಿಯುವಾಗ ಬಸ್ಸು ಬಂದು ನಿಂತಿತು. ಕಿಟಕಿಯಲ್ಲೆಲ್ಲ ತಲೆಗಳು. "ಬನ್ನಿ ಕೂತು ಓ... ಓ ಏನ್ರೀ?" ಅಂತ ಒಬ್ಬಾಕೆ ಕೇಳಿದರು. ನಾಳೆ ಬನ್ನಿ ಅಂದೆ. ಇಡೀ ಬಸ್ಸು ನಕ್ಕಿತು.

ಅದು ಹೋದ ಮೇಲೆ ತಮ್ಮನಿಗೆ ಹೇಳಿದೆ, ನೋಡು, ನಿಮ್ಮ ಭಾವನ ಪಹರೆ ಇನ್ನೂ ನಿಂತಿಲ್ಲ ಅಂತ.

ಅವನು ಕುಂಚ ತೊಳೆಯುತ್ತ ಅಂದ, "ಅಕ್ಕ, ನೀನು ಮನೇಲಿದ್ದ ದಿನಾನೂ ಬಸ್ಸು ನಿಲ್ತಿತ್ತು. ಒಂದು ದಿನಾನೂ ತಪ್ಪಿಲ್ಲ. ಬೋರ್ಡಿನ ಕೆಲಸಕ್ಕೆ ಬಂದಾಗೆಲ್ಲ ನೋಡ್ತಿದ್ದೆ."

"ನಾನೇ ಇಲ್ಲದ ಮೇಲೆ ಯಾಕೋ?"

"ಕಂಡಕ್ಟರ್ ಹೀಗೇ ಕೇಳ್ದ. ಭಾವ ಹೇಳಿದ್ದು ನಾನೇ ಕೇಳಿಸ್ಕೊಂಡೆ — ಇದು ನಮ್ಮನೆಯವಳ ಗೋಡೆ, ಅರ್ಧಕ್ಕೆ ನಿಂತಿದೆ, ಒಂದು ನಿಮಿಷ ನೋಡಿ ಹೋಗೋಣ."

ನಾನು ಬೇಕರಿ ಅಂದುಕೊಂಡಿದ್ದೆ. ಇಷ್ಟು ದಿನ ಅನುಮಾನ ಪಟ್ಟವರು ಅವರೊಬ್ಬರೇ ಅಂತಲೂ ಅಂದುಕೊಂಡಿದ್ದೆ. ರಾತ್ರಿಯಿಂದ ಅದನ್ನೇ ಹೇಳಬೇಕು ಹೇಳಬೇಕು ಅಂತ, ಬಾಯಿ ಬರುತ್ತಿಲ್ಲ. ಸೀಸೆ ಉರುಳಿಸುವಾಗ ಎದುರು ನಿಂತು ಹತ್ತು ಎಣಿಸಿದರಲ್ಲ, ಆಗಲೇ ಹೇಳಬಹುದಿತ್ತು. ತಿಂಡಿಗೆ ಕೂತಾಗ ಹೇಳುತ್ತೇನೆ. ಮೊದಲು ತಪ್ಪಾಯಿತು ಅಂತ, ಆಮೇಲೆ

ಕೂಗುತ್ತಿದ್ದಾರೆ. ಅರ್ಧ ಗಂಟೆ ಆಯಿತಂತೆ, ತಟ್ಟೆ ಇಟ್ಟಿದ್ದಾರಂತೆ. ಬಂದೆ ರೀ, ಬಂ