ಹಿಟ್ಟಿನೊಳಗಿನ ನೆಂಟರು

ವಸತಿಶಾಲೆಯ ಅಡುಗೆಮನೆ ಹಿಂದಿನ ಕೋಣೆ
೧೪ನೇ ತಾರೀಕು, ಗುರುವಾರ, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ

ಮುದ್ದು ಗುಬ್ಬಿಗೆ ದೊಡ್ಡಮ್ಮನ ಆಶೀರ್ವಾದ.

ಹೇಗಿದ್ದೀಯ ಮಗಳೇ? ಕೆಮ್ಮು ಹೋಯಿತಾ? ನಿನ್ನ ಜೊತೆ ಕೋಣೆ ಹಂಚಿಕೊಂಡಿರುವ ಕನ್ನಡಕದ ಹುಡುಗಿಯ ಹಲ್ಲುನೋವು ಹೇಗಿದೆ? ನಿಮ್ಮಮ್ಮನ ಮಂಡಿ, ನಿಮ್ಮಪ್ಪನ ಸಿಟ್ಟು ಎರಡೂ ಹದದಲ್ಲಿವೆ ತಾನೇ? ನಾನು ಗುಂಡುಕಲ್ಲಿನ ಹಾಗೆ ಇದ್ದೇನೆ. ಒಂದೇ ತೊಂದರೆ, ಒಂದು ವಾರದಿಂದ ಊಟ ಸೇರುತ್ತಿಲ್ಲ. ತುತ್ತು ಬಾಯಿಯ ಹತ್ತಿರ ಬಂದರೆ ತಟ್ಟೆ ಸರಿಸಿಬಿಡುತ್ತೇನೆ. ಕಾಯಿಲೆ ಏನಲ್ಲ, ಹೇಸಿಗೆ. ಅದನ್ನು ನಿನಗೆ ಹೇಳಲೆಂದೇ ಕೂತಿದ್ದೇನೆ, ಹೇಗೆ ಹೇಳುವುದೆಂದು ತಿಳಿಯದೆ ನಿಮ್ಮಪ್ಪನ ಸಿಟ್ಟನ್ನೆಲ್ಲ ವಿಚಾರಿಸುತ್ತಿದ್ದೇನೆ.

ಟೀಚರ್ ಕೆಲಸಕ್ಕೆ ಹೊರಟಾಗ ನೀನು ಬಿಟ್ಟುಹೋದ ಇಂಗ್ಲಿಷ್ ಅಭ್ಯಾಸದ ಪುಸ್ತಕ ಈಗ ಏಳನೇ ಪಾಠಕ್ಕೆ ಬಂದಿದೆ. ಎಣಿಸಲಾಗುವ ಪದ, ಎಣಿಸಲಾಗದ ಪದ. ನೀನು ಕಾಗದದಲ್ಲಿ ಬರೆದ ಉಪಾಯವನ್ನೇ ಹಿಡಿದುಕೊಂಡೆ: ಕೈಯಿಟ್ಟು ಒಂದು, ಎರಡು ಅನ್ನಲು ಬಂದರೆ ಬಾಲಕ್ಕೆ ‘ಸ್’ ಅಂಟಿಸು, ಬಾರದಿದ್ದರೆ ಸುಮ್ಮನೆ ಬಿಡು. ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದ್ದೇನೆ. ಎಗ್ಸ್, ಸ್ಪೂನ್ಸ್, ಆನಿಯನ್ಸ್ ಒಂದು ಕಡೆ. ಮಿಲ್ಕ್, ಸಾಲ್ಟ್, ಶುಗರ್ ಇನ್ನೊಂದು ಕಡೆ. ಬ್ರೆಡ್ಡಿನ ಹತ್ತಿರ ಮಾತ್ರ ನನಗೂ ಪುಸ್ತಕಕ್ಕೂ ಜಗಳವಾಯಿತು. ದಿನಾ ಎಪ್ಪತ್ತು ಬ್ರೆಡ್ಡು ಸುಡುವವಳಿಗೆ ಬ್ರೆಡ್ಡು ಎಣಿಸಬಾರದು ಅಂದರೆ ಹೇಗೆ? ಬುದ್ಧಿಮಾತೂ ಎಣಿಕೆಗೆ ಸಿಗುವುದಿಲ್ಲವಂತೆ. ಅದನ್ನು ಒಪ್ಪಿದೆ, ಬರೆದವರು ನಿಮ್ಮಮ್ಮನನ್ನು ನೋಡಿರಬೇಕು.

ಹೊಸದಾಗಿ ಸೈಕಲ್ ಕಲಿತವರು ಎಲ್ಲಿಗಾದರೂ ಹೊರಡುತ್ತಾರಲ್ಲ, ಹಾಗೆ ನಾನೂ ಕಣ್ಣಿಗೆ ಬಿದ್ದ ಇಂಗ್ಲಿಷಿನಲ್ಲೆಲ್ಲ ‘ಸ್’ ಹುಡುಕತೊಡಗಿದೆ. ಸೋಪಿನ ಹೊದಿಕೆ ಆಯಿತು, ಔಷಧಿ ಬಾಟಲಿ ಆಯಿತು. ಹೋದ ಶುಕ್ರವಾರ ಉಗ್ರಾಣದವನ ಹಾಳೆ ಸಿಕ್ಕಿತು. ಜೇನುಬಾಯಿ ಅಂತ ನೀವು ಹುಡುಗಿಯರು ಹೆಸರಿಟ್ಟಿದ್ದಿರಲ್ಲ, ಅವನೇ. ಪ್ರತಿ ಶುಕ್ರವಾರ ತಪಾಸಣೆಯ ಅಮ್ಮ ಬರುವ ಮುಂಚೆ ಒಂದು ಇಂಗ್ಲಿಷ್ ಹಾಳೆ ತಂದು, ಸಾಮಾನು ಬಂದದ್ದಕ್ಕೆ ಗುರುತು ಅಕ್ಕ, ಇಲ್ಲೊಂದು ಸಹಿ ಹಾಕು ಅನ್ನುತ್ತಾನೆ. ಕೈ ಒರೆಸಿಕೊಂಡು ಹಾಕಿಬಿಡುತ್ತೇನೆ. ಹನ್ನೊಂದು ವರ್ಷದಿಂದ ಹಾಕುತ್ತಾ ಬಂದಿದ್ದೇನೆ. ಆ ದಿನ ಸಹಿ ಹಾಕಿದ ಮೇಲೆ ಅವನು ಫೋನು ಬಂತೆಂದು ಹೊರಗೆ ಹೋದ, ನಾನು ಹಾಳೆಯ ಮೇಲೆ ಪಾಠ ಒಪ್ಪಿಸತೊಡಗಿದೆ. ರೈಸ್, ಬಾಲವಿಲ್ಲ, ಸರಿ. ಫ್ಲೌರ್, ಅಂದರೆ ಹಿಟ್ಟು, ಬಾಲವಿಲ್ಲ, ಸರಿ. ಹಿಟ್ಟಿನ ಕೆಳಗೇ ಬಾಲವಿದ್ದ ಒಂದು ಪದ: ಇನ್ಸೆಕ್ಟ್ಸ್. ನಿನ್ನ ಪುಸ್ತಕದಲ್ಲಿ ಇರುವೆ, ಜೀರುಂಡೆಗಳ ಚಿತ್ರದ ಮೇಲೆ ಇರುವ ಪದವೇ. ಅದರ ಎದುರು ನಿಲ್ ಅಂತ ಬರೆದಿತ್ತು. ಕೆಳಗೆ, ನೋಡಿ ಪರೀಕ್ಷಿಸಿದವರು ಅನ್ನುವ ಜಾಗದಲ್ಲಿ, ನನ್ನ ವಕ್ರ ಸಹಿ. ಸಹಿಯ ಜಾಗದ ಮಾತನ್ನು ಸಂಜೆ ನಿಘಂಟಿನಲ್ಲಿ ನೋಡಿದೆ, ನಿಲ್ ಅನ್ನೂ ನೋಡಿದೆ. ಏನೂ ಇಲ್ಲ, ಸೊನ್ನೆ.

ಈಗ ನಿನಗೆ ಅಡುಗೆಮನೆಯ ಗುಟ್ಟೊಂದನ್ನು ಹೇಳಬೇಕು. ನಾವು ಕೆಲಸದವರು ಬೆಳಿಗ್ಗೆ ಒಬ್ಬರಿಗೊಬ್ಬರು, ಇವತ್ತು ನೆಂಟರು ಜಾಸ್ತಿ ಕಣೇ, ಇವತ್ತು ನೆಂಟರು ಕಡಿಮೆ ಅನ್ನುತ್ತಿದ್ದದ್ದು ನಿನಗೆ ನೆನಪಿರಬಹುದು. ನೀನೊಮ್ಮೆ, ಯಾರು ದೊಡ್ಡಮ್ಮ ನೆಂಟರು, ನನಗೂ ತೋರಿಸು ಅಂತ ಹಟ ಮಾಡಿದ್ದೆ. ನೆಂಟರು ಅಂದರೆ ಹುಳ. ನಿಮ್ಮ ಕಿವಿಗೆ ಬೀಳಬಾರದೆಂದು ಇಟ್ಟ ಹೆಸರು. ಮೂಟೆ ಬಿಚ್ಚುವುದು, ಜರಡಿ ಹಿಡಿಯುವುದು, ಮೇಲೆ ಉಳಿದದ್ದನ್ನು ಒಲೆಗೆ ಸುರಿಯುವುದು, ಅದೇ ನಮ್ಮ ಪದ್ಧತಿ. ಕಪ್ಪು ಹುಳ ಜರಡಿಯಲ್ಲಿ ನಿಲ್ಲುತ್ತದೆ. ಬಿಳಿ ಮರಿ, ಮೊಟ್ಟೆ, ಅದರ ಬಲೆಯಂಥ ಎಳೆ ಎಲ್ಲ ತೂತಿನಿಂದ ಇಳಿದು ಹಿಟ್ಟಿನ ಜೊತೆಗೇ ಹೋಗುತ್ತವೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಹೊಸ ಹಿಟ್ಟು ಕೊಡಿ ಅಂತ ಜೇನುಬಾಯಿಗೆ ಹೇಳಿದ್ದೇನೆ, ಅವನು ಬರುತ್ತೆ ಬರುತ್ತೆ ಅಂದಿದ್ದಾನೆ, ಅಲ್ಲಿಗೆ ನನ್ನ ಧರ್ಮ ತೀರಿತು ಅಂದುಕೊಂಡಿದ್ದೆ. ಆದರೆ ಹುಳ ಇಲ್ಲವೇ ಇಲ್ಲ ಅಂತ ವಾರವಾರ ನಾನೇ ಸಾಕ್ಷಿ ಹೇಳುತ್ತಿದ್ದೇನೆಂದು ಗೊತ್ತಿರಲಿಲ್ಲ. ರಜೆಗಳನ್ನು ಕಳೆದರೂ ನಾನೂರು ಶುಕ್ರವಾರದ ಮೇಲಾಯಿತು. ಸುಳ್ಳು ಎಣಿಕೆಗೆ ಸಿಗುವ ಪದ, ನೋಡು.

ಸೋಮವಾರ ಒಂದು ಸೇರು ಹಿಟ್ಟು ಜರಡಿ ಹಿಡಿದು, ಉಳಿದವನ್ನು ಒಲೆಗೆ ಹಾಕದೆ ತಟ್ಟೆಗೆ ಹಾಕಿದೆ. ಕಡ್ಡಿಯಲ್ಲಿ ಒಂದೊಂದನ್ನೇ ಬದಿಗೆ ಸರಿಸುತ್ತಾ ಎಣಿಸಿದೆ. ಕೆಲವು ನಡೆದುಕೊಂಡು ವಾಪಸು ಬರುತ್ತಿದ್ದವು, ಎರಡು ಸಲ ಲೆಕ್ಕ ತಪ್ಪಿತು. ಅರವತ್ತೊಂದು. ಗಾಜಿನ ಜಾಡಿಗೆ ತುಂಬಿ ಮುಚ್ಚಳ ಹಾಕಿದೆ. ಮೈಮೇಲೆಲ್ಲ ಹರಿದಾಡಿದ ಹಾಗಾಗಿ ಬಿಸಿನೀರಲ್ಲಿ ಎರಡು ಸಲ ಕೈ ತೊಳೆದೆ, ಆದರೂ ಆ ಕಮಟು ವಾಸನೆ ಉಗುರಿನ ಸಂದಿಯಿಂದ ಹೋಗಲಿಲ್ಲ.

ಜಾಡಿಯನ್ನು ಜೇನುಬಾಯಿಯ ಮೇಜಿನ ಮೇಲಿಟ್ಟೆ. ಅವನು ಬಿಸ್ಕತ್ತು ತಿನ್ನುತ್ತಿದ್ದ, ತಿನ್ನುವುದನ್ನು ನಿಲ್ಲಿಸಲೂ ಇಲ್ಲ. “ಬೆಂದ ಮೇಲೆ ಎಲ್ಲಾ ಒಂದೇ ಅಲ್ವಾ ಅಕ್ಕ? ಹುಳ ಎಣಿಸ್ಕೊಂಡು ಕೂತ್ರೆ ಒಲೆ ಹಚ್ಚೋರು ಯಾರು?” ಅಂದ. ಆಮೇಲೆ ದನಿ ತಗ್ಗಿಸಿ, ಸಹಿ ಎಲ್ಲಾ ನಿನ್ನದೇ ಅಲ್ವಾ ಅಂತ ನೆನಪು ಮಾಡಿದ. ಜಾಡಿ ಎತ್ತಿಕೊಂಡು ಬಂದೆ. ವಾರ್ಡನ್ನಮ್ಮನ ಕಿವಿಗೂ ಹಾಕಿದ್ದಾನೆ. ನಾಳೆ ಎಂದಿನಂತೆ ಸಹಿ ಹಾಕಿದರೆ ಕೆಲಸವೂ ಈ ಕೋಣೆಯೂ ಇರುತ್ತವೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟು ಅಂದರು ಆಕೆ. ಮೂಗಿಗೆ ಸೆರಗು ಹಿಡಿದೇ ಮಾತಾಡಿದರು. ಆಕೆಯ ಊಟ ಹೊರಗಿನಿಂದ ಬರುತ್ತದೆಂದು ನಿನಗೆ ಗೊತ್ತೇ ಇದೆ.

ನೀನು ಇಲ್ಲಿ ಓದಿದ ಮೂರು ವರ್ಷ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿದೆ. ಒಂದು ಬೆಳಿಗ್ಗೆ ಬ್ರೆಡ್ಡಿನಿಂದ ಕಪ್ಪಗಿನದೇನೋ ಕಿತ್ತು ತಟ್ಟೆಯಂಚಿಗೆ ಇಟ್ಟು, ಇದೇನು ದೊಡ್ಡಮ್ಮ ಅಂದಿದ್ದೆ. ಸೀದ ಚೂರು ಕಣೇ, ಊಟಕ್ಕೆ ಹೆಸರಿಡಬೇಡ ಅಂತ ನಿನ್ನ ಕೈಮೇಲೆ ಹೊಡೆದಿದ್ದೆ. ನೀನು ತಿಂದೆ. ಇರಲಿ, ಒಲೆ ಹಚ್ಚುವ ಹೊತ್ತಾಯಿತು. ಕೆಮ್ಮಿಗೆ ಬಿಸಿನೀರು ಕುಡಿ. ಕನ್ನಡಕದವಳಿಗೆ ಹಲ್ಲು ಕೀಳಿಸಿಕೊಳ್ಳಲು ಹೆದರಬೇಡ ಅನ್ನು. ದೊಡ್ಡವರಿಗೆ ನಮಸ್ಕಾರ, ನಿನಗೆ ತಲೆ ತುಂಬ ಮುತ್ತು.

ಇಂತು,
ನಿನ್ನ ದೊಡ್ಡಮ್ಮ

ಮರೆತದ್ದು: ಶುಕ್ರವಾರ, ಅವಸರ. ನಿಲ್ ಅನ್ನು ಹೊಡೆದುಹಾಕಿ ಅರವತ್ತೊಂದು ಅಂತ ನಾನೇ ಬರೆದು ಸಹಿ ಹಾಕಿದೆ, ಜಾಡಿಯನ್ನು ಹಾಳೆಯ ಮೇಲಿಟ್ಟೆ. ತಪಾಸಣೆಯ ಅಮ್ಮ ಮುಚ್ಚಳ ತೆಗೆದು ನೋಡಿ ಉಗ್ರಾಣದ ಬೀಗದಕೈ ಕೇಳಿದರು. ಉಗ್ರಾಣಕ್ಕೆ ಬೀಗ ಬಿದ್ದಿದೆ. ಹಳೆಯ ಸಹಿಗಳೂ ನನ್ನವೇ ಅಂತ ಒಪ್ಪಿಕೊಂಡೆ. ಭಾನುವಾರದೊಳಗೆ ಕೋಣೆ ಬಿಡಬೇಕು. ನಿಮ್ಮ ಕೋಣೆಯಲ್ಲಿ ಇನ್ನೊಂದು ಚಾಪೆಗೆ ಜಾಗವಿದೆಯಾ ಅಂತ ಕೇಳಬೇಕು, ಆದರೆ ಅದಕ್ಕೂ ಮುಂಚೆ ಇದನ್ನು ಓದು. ಅವತ್ತು ನಿನ್ನ ತಟ್ಟೆಯಲ್ಲಿದ್ದದ್ದು ಸೀದ ಚೂರಲ್ಲ. ಅದಕ್ಕೆ ಕಾಲಿತ್ತು. ನಾನು ನೋಡಿದ್ದೆ, ನೋಡಿಯೇ ಹೊಡೆದದ್ದು. ಇಷ್ಟು ಓದಿದ ಮೇಲೂ ಬಾ ಅನ್ನುವ ಮನಸ್ಸಿದ್ದರೆ ಬರಿ, ಇಲ್ಲದಿದ್ದರೂ ಬರಿ. ಬೇಗ ಬರಿ.