ಹೆರೆದ ಗಿಟಾರಿನ ಚೀಟಿ

ಜುಲೈ 14

ಬೆಳಿಗ್ಗೆಯಿಂದ ಇದು ಮೂರನೆಯ ಗಿಟಾರು. ಸ್ಟ್ರಿಂಗ್ ಬಿಚ್ಚಿದೆ, ಕುತ್ತಿಗೆಯ ಲೋಹದ ಪಟ್ಟಿ, ಅಂದರೆ ಫ್ರೆಟ್, ಉಜ್ಜಿದೆ, ನಾಬಿನ ಕರಕರ ತೆಗೆದೆ. ಹೊನ್ನಾವರದ ಗಾಳಿಗೆ ಎಲೆಕ್ಟ್ರಿಕ್ ಗಿಟಾರೂ ಒಂದೇ, ಕಬ್ಬಿಣದ ಮೊಳೆಯೂ ಒಂದೇ. ಎಲ್ಲಕ್ಕೂ ತುಕ್ಕು.

ಮಧ್ಯಾಹ್ನ ವಿಶ್ವಣ್ಣನ ಜೊತೆ ಜಗಳ. ಹಳೆ ಗಿಟಾರಿನ ಅಂಗಡಿ ಅವನದು, ಸಾಲ್ಡರ್ ಹಿಡಿಯುವ ಕೈ ನನ್ನದು. ಒಂದೇ ಕಪ್ಪು ಗಿಟಾರಿಗೆ ಗೋಕರ್ಣಕ್ಕೆ ಹೊರಟ ಟೂರಿಸ್ಟಿನ ಹತ್ತಿರ ಹದಿನಾಲ್ಕು ಸಾವಿರ ಹೇಳಿದ. ಅರ್ಧ ಗಂಟೆ ಬಿಟ್ಟು ಕುಮಟೆಯವರಿಗೆ ಒಂಬತ್ತು.

"ಎಂತ ಲೆಕ್ಕ ಇದು?" ಅಂದೆ.

"ಗಿರಾಕಿಯ ಚಪ್ಪಲಿ ನೋಡಿ ಹೇಳೂದು."

ವಸ್ತುವಿನ ಬೆಲೆ ಎಂದರೆ ಅದರೊಳಗೆ ಸೇರಿದ ದುಡಿಮೆ. ಹಾಗಂತ ನನ್ನ ಹಳದಿ ರಟ್ಟಿನ ಪುಸ್ತಿಕೆಯಲ್ಲಿದೆ. ಕುಮಟಾ ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಹಂಚುತ್ತಿದ್ದದ್ದು. ಹನ್ನೊಂದು ಸಲ ಓದಿದ್ದೇನೆ. ಚಪ್ಪಲಿಯ ಮಾತು ಎಲ್ಲೂ ಇಲ್ಲ.

ಇನ್ನು ಮೇಲೆ ಪ್ರತಿ ಗಿಟಾರಿಗೂ ಒಂದು ಚೀಟಿ. ಎಲ್ಲರಿಗೂ ಒಂದೇ ಬೆಲೆ. ಕೆಳಗೆ ದೋಷಗಳು, ಒಂದೂ ಬಿಡದೆ: ಯಾವ ಫ್ರೆಟ್ ಸವೆದಿದೆ, ಯಾವ ವೈರು ಬದಲಿಸಿದ್ದು, ಬದಲಿಸಿದವರು ಯಾರು.

ವಿಶ್ವಣ್ಣ ನಕ್ಕ. "ಆತು, ಅಂಟಿಸು. ಮದುವೆ ಹೆಣ್ಣಿಗೆ ಹೀಗೇ ಚೀಟಿ ಅಂಟಿಸಿದ್ರೆ ಊರಲ್ಲಿ ಒಂದಾದ್ರೂ ಮದುವೆ ಆಗ್ತದಾ?"

"ಗಂಡಿಗೂ ಅಂಟಿಸುವ."



ಜುಲೈ 17

ಬಂಗಾರಕ್ಕ ಬಂದಿದ್ದಳು. ನಮ್ಮ ಕಾಸರಕೋಡದವಳೇ. ಮೀನು ಮಾರುವವಳು. ಹಳೆ ಬಲೆಯಲ್ಲಿ ಸುತ್ತಿ ತಂದದ್ದು ಬಿಚ್ಚಿದರೆ ಗಿಟಾರು! ಜಪಾನಿನದು, ನನಗಿಂತ ಹಳೆಯದು. ಕಂದುಕೆಂಪು ಬಣ್ಣ ಅಲ್ಲಲ್ಲಿ ಬಿರುಕು ಬಿಟ್ಟಿದೆ. ಮೇಲಂಚಿನಲ್ಲಿ ಅಂಗೈಯಗಲ ಸವೆದು ಮರ ಕಾಣುತ್ತದೆ. ಅವಳ ಗಂಡ ಚೌಡಣ್ಣ ಮುಂಬೈಯಲ್ಲಿ ಆರ್ಕೆಸ್ಟ್ರಾದಲ್ಲಿದ್ದಾಗ ನುಡಿಸುತ್ತಿದ್ದದ್ದು. ಊರಿಗೆ ಬಂದು ಬೋಟಿಗೆ ಹೋದ, ಬಲೆ ಎಳೆಯುವ ವಿಂಚಿಗೆ ಸಿಕ್ಕಿ ಎಡಗೈಯ ಎರಡು ಬೆರಳು ಹೋಯಿತು.

"ಇದೂ ಮೂಲೇಲಿ ಕೂತದೆ, ಇವರೂ ಕೂತಿದಾರೆ. ಇಬ್ಬರಲ್ಲಿ ಒಬ್ಬರನ್ನ ಮಾರ್ಬೇಕು ಅಂತ ಆತು. ಇವರನ್ನ ಯಾರು ತಕಂತಾರೆ?"

ಕುಮಟೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ನೋಡಿಟ್ಟಿದ್ದಾಳೆ. ಹಿಂದೆ ಐಸ್ ಪೆಟ್ಟಿಗೆ ಕಟ್ಟಲು ಜಾಗವಿದೆ. ಅರವತ್ತು ಸಾವಿರ. ಪಕ್ಕದ ಮಂಕಿ ಊರಿನ ಮನೆಮನೆಗೆ ಬುಟ್ಟಿ ಹೊತ್ತು ಕುತ್ತಿಗೆ ಸೋತಿದೆ, ಬಸ್ಸಿನವರು ಮೀನಿನ ಬುಟ್ಟಿ ಕಂಡರೆ ನಿಲ್ಲಿಸುವುದಿಲ್ಲ. ಆಗಸ್ಟಿಗೆ ಬೋಟು ಇಳಿಯುವುದರೊಳಗೆ ಸ್ಕೂಟರ್ ಬೇಕು.

ಅಂಗಡಿಯ ಫೋನಿನಲ್ಲಿ ಫೋಟೋ ತೆಗೆದು ಆನ್‌ಲೈನಿಗೆ ಹಾಕಿದೆ. ಬೆಲೆ ಹಾಕಲಿಲ್ಲ. ಸಂಜೆ ವಿಶ್ವಣ್ಣ ಆ ಫೋನು ಹಿಡಿದುಕೊಂಡೇ ಸಾಮಾನು ತರಲು ಮಂಗಳೂರಿಗೆ ಹೋದ. ನನ್ನ ಲೆಕ್ಕದಲ್ಲಿ ಈಗಿನ ಸ್ಥಿತಿಗೆ ಇಪ್ಪತ್ತೈದು ಸಿಕ್ಕರೆ ಹೆಚ್ಚು.

ಉಳಿದ ಮೂವತ್ತೈದು ಎಲ್ಲಿಂದ ಬರಬೇಕು? ದುಡಿಮೆಯಿಂದ. ಮತ್ತೆಲ್ಲಿಂದ!

ಜುಲೈ 20

ಗಿಟಾರನ್ನು ಮನೆಗೆ ತಂದಿದ್ದೇನೆ. ದಂಡೆಯಲ್ಲಿ ಈಗ ಎಲ್ಲ ಕಡೆ ಇದೇ ಕೆಲಸ — ಬೋಟುಗಳನ್ನು ಹೆರೆಯುವುದು, ಬಣ್ಣ ಹಚ್ಚುವುದು. ಮಳೆಗಾಲದಲ್ಲಿ ಹೆರೆಯದ ದೋಣಿಯನ್ನು ಯಾರೂ ನಂಬುವುದಿಲ್ಲ. ಅಪ್ಪನ ಉಳಿ ತಗೊಂಡೆ. ಚಪ್ಪರದ ಅಡಿ ಕೂತು ಎರಡು ದಿನ ಹೆರೆದೆ. ಹಳೆ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತು. ಆಮೇಲೆ ಸ್ಯಾಂಡ್ ಪೇಪರ್. ಒಳಗಿನ ಮರ ಎಷ್ಟು ಚೆಂದ...

ಅಪ್ಪ ಬಂದು ನಿಂತ. "ಇದು ಎಷ್ಟು ದಿನ ನೀರಲ್ಲಿರ್ತದೆ?"

"ತಮಾಷೆ ಬೇಡ. ದೋಣಿಯ ನೀಲಿ ಉಳಿದದೆಯಾ?"

"ಅರ್ಧ ಡಬ್ಬಿ. ಮೂರು ಕೋಟ್ ಹೊಡಿ. ಹುಳ ಹಿಡಿಯೂದಿಲ್ಲ."

ಜುಲೈ 22, ಬೆಳಿಗ್ಗೆ

ಮೂರನೆಯ ಕೋಟ್ ಒಣಗಿದೆ. ಆಕಾಶದ ನೀಲಿ. ಒಂದು ಗೀರಿಲ್ಲ. ತಂತಿಯ ಸದ್ದು ಹಿಡಿಯುವ ಪಿಕಪ್ ತಿರುಗಿ ಕೂರಿಸಿದೆ, ಸ್ಟ್ರಿಂಗ್ ಹೊಸದು. ಒಟ್ಟು ಇಪ್ಪತ್ತಾರು ಗಂಟೆಯ ಕೆಲಸ. ಅರವತ್ತು ಹಾಕುತ್ತೇನೆ. ಯಾರಾದರೂ ಕೇಳಲಿ, ಗಂಟೆ ಗಂಟೆಯ ಲೆಕ್ಕ ಕೊಡುತ್ತೇನೆ.

ಅದೇ ದಿನ, ನಾಲ್ಕು ಗಂಟೆ

ವಿಶ್ವಣ್ಣ ಬಸ್ಸಿಳಿದು ಸೀದಾ ಅಂಗಡಿಗೆ ಬಂದ. ಬಾಗಿಲಲ್ಲೇ ಹೇಳಿದ — ಪಣಜಿಯವರೊಬ್ಬರು ಫೋಟೋ ನೋಡಿದ್ದಾರೆ. ಹಳೆ ಗಿಟಾರು ಕೂಡಿಡುವವರು. ಎಪ್ಪತ್ತು ಸಾವಿರ! ಭಾನುವಾರ ಬರುತ್ತಾರೆ. ಬಂಗಾರಕ್ಕನಿಗೆ ಫೋನು ಮಾಡಿಯೂ ಆಗಿದೆ. ಅವಳು ಸ್ಕೂಟರಿನವನಿಗೆ ಮಾತು ಕೊಟ್ಟಳಂತೆ.

ಮೆಸೇಜ್ ಓದಿ ತೋರಿಸಿದ. ಕೊನೆಯ ಸಾಲು: ಬಣ್ಣ ಮೂಲದ್ದೇ ಇರುವುದರಿಂದ ಈ ಬೆಲೆ. ದಯವಿಟ್ಟು ಬಟ್ಟೆಯಿಂದ ಒರೆಸಲೂ ಬೇಡಿ.

ಆಮೇಲೆ ಗೋಡೆಗೆ ತೂಗಿದ ನೀಲಿ ಗಿಟಾರಿನ ಕಡೆ ನೋಡಿದ.

ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಜುಲೈ 26

ಬಣ್ಣ ಹೆರೆದ ವಿಷಯ ಪಣಜಿಯವರಿಗೆ ತಿಳಿಸಿದ್ದೆವು, ಆದರೂ ಬಂದರು. ಬಿಳಿ ಗಡ್ಡ, ಮೆತ್ತನೆ ಮಾತು. ಗಿಟಾರನ್ನು ತೊಡೆ ಮೇಲಿಟ್ಟುಕೊಂಡು ಮೇಲಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಸವೆದ ಜಾಗ ಇದ್ದಲ್ಲೇ. "ಬಣ್ಣ ಚೆನ್ನಾಗಿ ಹೊಡೆದಿದ್ದೀರಿ," ಅಂದರು. ವ್ಯಂಗ್ಯ ಇರಲಿಲ್ಲ. ಪಿಕಪ್ಪಿಗೆ, ಕುತ್ತಿಗೆಗೆ ಸೇರಿಸಿ ಹದಿನೆಂಟು ಸಾವಿರ ಕೊಡಬಹುದು ಎಂದರು. ನಾವು ಒಪ್ಪಲಿಲ್ಲ. ಹೋದರು.

ನನ್ನ ಇಪ್ಪತ್ತಾರು ಗಂಟೆ ಐವತ್ತೆರಡು ಸಾವಿರವನ್ನು ತಿಂದಿದೆ. ಪುಸ್ತಿಕೆಯನ್ನು ಮತ್ತೆ ತೆಗೆದು ನೋಡಿದೆ. ಬೆಲೆ ಇಳಿಸುವ ದುಡಿಮೆಯ ಬಗ್ಗೆ ಒಂದು ಸಾಲೂ ಇಲ್ಲ. ಆ ಸವೆದ ಜಾಗವೂ ದುಡಿಮೆಯೇ ಅಲ್ಲವೇ? ಚೌಡಣ್ಣನ ಎಷ್ಟು ವರ್ಷದ ಮೊಣಕೈ. ಅದನ್ನು ಕಸ ಎಂದುಕೊಂಡು ಗುಡಿಸಿದೆ.

ಜುಲೈ 27

ಬಂಗಾರಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಬುಟ್ಟಿಗೆ ಹಗ್ಗ ಬಿಗಿಯುತ್ತಿದ್ದಳು. ಎಲ್ಲ ಹೇಳಿದೆ. ಕೈ ನಿಲ್ಲಿಸಲಿಲ್ಲ.

"ಹುರುಪೆ ತೆಗೆದ ಮೀನನ್ನ ನಾನು ಯಾವತ್ತಾದ್ರೂ ಬುಟ್ಟಿಗೆ ಹಾಕಿದ್ದು ಕಂಡಿದ್ಯಾ?"

"ಇಲ್ಲ."

"ಎಂತಕೆ?"

ಗೊತ್ತು. ಈ ದಂಡೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಕೊಳ್ಳುವವರು ಮೀನಿನ ಮೈಮೇಲಿನ ಹುರುಪೆ ನೋಡುತ್ತಾರೆ, ಕಿವಿರು ಎತ್ತಿ ನೋಡುತ್ತಾರೆ. ಹೆರೆದು ತೊಳೆದಿಟ್ಟರೆ ಎಷ್ಟು ದಿನದ ಮೀನೋ ಎಂದು ಮುಂದೆ ಹೋಗುತ್ತಾರೆ.

"ಒಂದು ಮಾತು ಕೇಳಿದ್ರೆ ನಾನೇ ಹೇಳ್ತಿದ್ದೆ. ನೀನು ಬೋಟು ಅಂದ್ಕಂಡೆ. ಅದು ಮೀನಾಗಿತ್ತು."

ದುಡಿಯುವವರ ಮಾತು ಯಾರೂ ಕೇಳುವುದಿಲ್ಲ ಎಂದು ಅಂಗಡಿಯಲ್ಲಿ ದಿನವೂ ಕೂಗುವವಳು ನಾನು.

ಹೊರಡುವಾಗ ಒಳಗೆ ಕೂತ ಚೌಡಣ್ಣನ ಕಡೆ ಕಣ್ಣು ಮಾಡಿ ಮೆಲ್ಲಗೆ ಅಂದಳು, "ಇವರಿಗೆ ಬಣ್ಣದ ಸುದ್ದಿ ಹೇಳ್ಬೇಡ."

ಜುಲೈ 30

ಭಟ್ಕಳದ ದಿನೇಶ ಫೋನು ಮಾಡಿದ್ದ. ಮದುವೆ ಆರ್ಕೆಸ್ಟ್ರಾದಲ್ಲಿ ನುಡಿಸುವವನು. ಸ್ಟೇಜಿನ ಲೈಟಿಗೆ ನೀಲಿ ಗಿಟಾರು ಬೇಕಂತೆ. ಭಾನುವಾರ ಹನ್ನೊಂದಕ್ಕೆ ಬರುತ್ತಾನೆ.

ವಿಶ್ವಣ್ಣ ಬಾಗಿಲು ಅರೆ ಮುಚ್ಚಿ ಹೇಳಿದ: "ಕಂಪನಿ ಬಣ್ಣ ಅಂದ್ರೆ ಅರವತ್ತು ಕಣ್ಣು ಮುಚ್ಚಿ ಕೊಡ್ತಾನೆ. ಹೆರೆದದ್ದು ಅಂತ ಬರೆದ್ರೆ ಇಪ್ಪತ್ತು ದಾಟೂದಿಲ್ಲ. ಒಂದೇ ಒಂದು ಸಲ ನಿನ್ನ ಚೀಟಿ ಬೇಡ. ನನಗಲ್ಲ ಮಾರಾಯ್ತಿ, ಬಂಗಾರಿಗೆ."

ಸುಳ್ಳು ಹೇಳಿದರೆ ಅವಳ ಕುತ್ತಿಗೆ ಉಳಿಯುತ್ತದೆ. ನಿಜ ಹೇಳಿದರೆ ನನ್ನ ಚೀಟಿ ಉಳಿಯುತ್ತದೆ. ಯಾವುದು ದೊಡ್ಡದು ಎಂದು ಯಾವ ಪುಸ್ತಿಕೆಯೂ...

ಸಂಜೆ ಮತ್ತೆ ಅವಳಲ್ಲಿಗೆ ಹೋದೆ. ಚೀಟಿಯ ಮಾತು ಬಾಯಿಗೆ ಬರಲಿಲ್ಲ. ಬೇರೆಯೇ ಹೇಳಿದೆ — ಸ್ಕೂಟರ್ ಬರುವ ತನಕ ಮಂಕಿಯ ಬುಟ್ಟಿ ನಾನು ಹೊರುತ್ತೇನೆ, ಒಂಬತ್ತಕ್ಕೆ ಅಂಗಡಿ, ಅದಕ್ಕೆ ಮೊದಲು ಮುಗಿಸುವ.

ಬಿದ್ದು ಬಿದ್ದು ನಕ್ಕಳು. "ನಿನ್ನ ಕುತ್ತಿಗೆ ಗಿಟಾರಿನ ಕುತ್ತಿಗೆಗಿಂತ ಸಪೂರ ಉಂಟು ತಂಗಿ." ಆದರೆ ಬೇಡ ಅನ್ನಲಿಲ್ಲ.

ಆಗಸ್ಟ್ 2, ಬೆಳಿಗ್ಗೆ ಆರೂವರೆ

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದಿದೆ. ದಂಡೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಮೊದಲ ದಿನ. ಮಂಕಿಯ ಮೂರನೆಯ ಮನೆಗೆ ಕಣ್ಣು ಕತ್ತಲೆ ಬಂತು. ಬುಟ್ಟಿಯಡಿಯ ಸಿಂಬೆ ಜಾರಿ ಐಸ್ ನೀರು ಬೆನ್ನೊಳಗೆ ಇಳಿಯಿತು. ಬಂಗಾರಕ್ಕ ಇದನ್ನು ಇಪ್ಪತ್ತೆರಡು ವರ್ಷ ಹೊತ್ತಿದ್ದಾಳೆ. ಒಬ್ಬ ಮುದುಕಿ ಪ್ರತಿ ಬಂಗುಡೆಯ ಕಿವಿರು ಎತ್ತಿದಳು. ಬಂಗಾರಕ್ಕ ತಾನೇ ಒಂದನ್ನು ತೆಗೆದು ಬದಿಗಿಟ್ಟಳು: "ಇದು ಬೇಡ ಅಮ್ಮ, ಹೊಟ್ಟೆ ಒಡೆದದೆ." ಯಾರೂ ಕೇಳದೇ ಹೇಳಿದಳು. ಹತ್ತು ರೂಪಾಯಿ ಕಳೆದುಕೊಂಡಳು. ಮುದುಕಿ ಇವತ್ತೂ ಬರಲು ಹೇಳಿದ್ದಾಳೆ.

ಹನ್ನೊಂದಕ್ಕೆ ದಿನೇಶ ಬರುತ್ತಾನೆ. ಚೀಟಿ ಬರೆಯುತ್ತಿದ್ದೇನೆ. ಮೊದಲು ಇಲ್ಲಿ, ಆಮೇಲೆ ನೀಟಾಗಿ.

ಜಪಾನ್. ಪಿಕಪ್ ಮೂಲದ್ದು. ಏಳನೆಯ ಫ್ರೆಟ್ ಸ್ವಲ್ಪ ಸವೆದಿದೆ. ಮೂಲ ಬಣ್ಣವನ್ನು ಪೂರ್ತಿ ಹೆರೆದು ದೋಣಿಯ ಬಣ್ಣ ಹೊಡೆಯಲಾಗಿದೆ. ಅಲ್ಲ — "ಹೊಡೆಯಲಾಗಿದೆ" ಅಲ್ಲ. ಹೆರೆದವಳು, ಹೊಡೆದವಳು ದಿವ್ಯಶ್ರೀ, ಕಾಸರಕೋಡ. ಮಾಲಕಿಯನ್ನು ಕೇಳದೆ.

ಬೆಲೆ:

ಇದನ್ನು ನಾನು ಹಾಕುವುದಲ್ಲ. ಬಂಗಾರಕ್ಕ ಬುಟ್ಟಿ ತುಂಬಿಸಿ ಈ ಕಡೆಗೇ ಬರುತ್ತಿದ್ದಾಳೆ. ಚೀಟಿ ಅವಳಿಗೆ ಓದಿ ಹೇಳಿ, ಈ ಸಲ ಮೊದಲು ಅವಳನ್ನೇ ಕೇಳುತ್ತೇನೆ.