ಚಿತ್ರದ ಹಿಂದಿನ ‘ಲೇಟ್’

ಮನೆ, ಕಿಟಕಿಯ ಪಕ್ಕ
ಬುಧವಾರ, ೧೪ನೇ ತಾರೀಖು

ಪ್ರೀತಿಯ ಪುಟ್ಟೀ,

ಅದೇ, ನಿನ್ನೆ ಫೋನಿನಲ್ಲಿ ಅರ್ಧಕ್ಕೇ ನುಂಗಿಕೊಂಡೆನಲ್ಲ, ಅಲ್ಲಿಂದಲೇ ಹೇಳುತ್ತೇನೆ. ಮೊದಲು ನಿನ್ನ ಬೆನ್ನುನೋವು ಹೇಗಿದೆ? ಶಾಖ ಕೊಟ್ಟುಕೊಳ್ಳುತ್ತಿದ್ದೀಯಾ, ಇಲ್ಲಾ ನಿಮ್ಮಮ್ಮನ ಹಾಗೆ ‘ನಾಳೆ ನೋಡೋಣ’ ಎಂದು ತಳ್ಳುತ್ತಿದ್ದೀಯಾ? ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಮೂರು ದಿನದಿಂದ ಬಾಗಿಲು ಸದ್ದಾದರೆ ಮೊದಲು ಕಿಟಕಿಯಿಂದ ಇಣುಕುತ್ತೇನೆ.

ನೀನು ಕೇಳಿದ ಸಿಗರೇಟು ಪ್ಯಾಕಿನ ಚಿತ್ರ ಇನ್ನೂ ನನ್ನ ಹತ್ತಿರವೇ ಇದೆ. ಆಗೆಲ್ಲ ಪ್ಯಾಕಿನೊಳಗೆ ನಟಿಯರ ಚಿತ್ರದ ಚೀಟಿ ಇಡುತ್ತಿದ್ದರಲ್ಲ, ಅದು; ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ನಿಮ್ಮಜ್ಜಿ ರಾಣಿಯ ವೇಷದಲ್ಲಿ ಬೆರಳ ಸಂದಿಯಲ್ಲಿ ಸಿಗರೇಟು ಹಿಡಿದು ನಕ್ಕಿದ್ದಾರೆ. ಪಕ್ಕದ ಮನೆಯ ಬೀಡಿಗೇ ಕೆಮ್ಮುತ್ತಿದ್ದವರಂತೆ, ಪಾಪ. ನಾಲ್ಕು ವರ್ಷದ ನಿಮ್ಮಮ್ಮನನ್ನು ತಮ್ಮ ಅಕ್ಕನ ಮಡಿಲಿಗೆ ಹಾಕಿ ನಾಟಕ ಕಂಪನಿಯ ಹಿಂದೆ ಹೋದವರು, ಆಮೇಲೆ ಸುದ್ದಿಯಿಲ್ಲ. ನಮ್ಮ ಮದುವೆಯಾದ ಮರುವರ್ಷ ನಿಮ್ಮಮ್ಮ ಅವರನ್ನು ಹುಡುಕಲು ಹೊರಟು ನಿಂತಳು. ಪೆಟ್ಟಿಗೆ ಕಟ್ಟಿಯಾಗಿತ್ತು. ಚಿತ್ರದ ಹಿಂದಿನ ಇಂಗ್ಲಿಷ್ ಓದಿ ಎಂದು ನನ್ನ ಕೈಗಿಟ್ಟಳು. ಎರಡು ವರ್ಷ ಕಾಲೇಜಿಗೆ ಹೋದ ಗಂಡನಲ್ಲವೇ? ‘ಲೇಟ್ ಆಫ್ ದಿ ನ್ಯೂ ಥಿಯೇಟರ್’ ಎಂದಿತ್ತು. ಆಮಂತ್ರಣ ಪತ್ರಿಕೆಗಳಲ್ಲಿ ಹೆಸರಿನ ಹಿಂದೆ ಲೇಟ್ ಅಂತ ಹಾಕುವುದಿಲ್ಲವೇ, ಅದೇ ಎಂದುಕೊಂಡೆ. “ಹೋಗಿಬಿಟ್ಟಿದ್ದಾರೆ ಕಣೇ” ಎಂದೆ. ಅವಳು ಪೆಟ್ಟಿಗೆ ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಬೀರುವಿಗೆ ವಾಪಸಿಟ್ಟಳು. ಮತ್ತೆಂದೂ ಆ ಮಾತೆತ್ತಲಿಲ್ಲ. ಸತ್ತವರ ಕೈಗೆ ಯಾರಾದರೂ ಸಿಗರೇಟು ಕೊಟ್ಟು ಜಾಹೀರಾತು ಮಾಡುತ್ತಾರೆಯೇ ಎಂದು ಈ ಮಹಾ ಪಂಡಿತನಿಗೆ ಹೊಳೆಯಲಿಲ್ಲ.

ನಿನಗೆ ಕಳಿಸುವ ಮುಂಚೆ ಪ್ರತಿ ತೆಗೆಸೋಣವೆಂದು ಫೋಟೊ ಅಂಗಡಿಗೆ ಹೋದೆ. ಅಲ್ಲಿ ಇಂಥ ಚಿತ್ರಗಳನ್ನು ಕೂಡಿಡುವ ಒಬ್ಬರು ಕುಳಿತಿದ್ದರು. ಬಗಲಲ್ಲಿ ಸದಾ ಆಲ್ಬಂ. ನನ್ನ ಕಥೆ ಕೇಳಿ ಕನ್ನಡಕ ತೆಗೆದರು.

“ಸ್ವಾಮೀ, ಲೇಟ್ ಆಫ್ ಅಂದ್ರೆ ಸತ್ತೋದ್ರು ಅಂತಲ್ಲ. ಮೊದ್ಲು ಆ ಥಿಯೇಟರಲ್ಲಿದ್ರು ಅಂತ. ಈಯಮ್ಮ ಇದ್ದಾರೆ. ಹೋದ ತಿಂಗಳು ನನ್ನ ಆಲ್ಬಮ್ಮಿಗೆ ಸಹಿ ಹಾಕಿಕೊಟ್ರು.”

ಬಹಳ ವರ್ಷದಿಂದ ಕಲಾವಿದರ ವೃದ್ಧಾಶ್ರಮದಲ್ಲಿದ್ದಾರಂತೆ. ನಮ್ಮ ಮನೆಯಿಂದ ಎರಡು ಬಸ್ಸಿನ ದಾರಿ. ಹಾಗೆಂದರೆ ನಿಮ್ಮಮ್ಮ ಕಣ್ಣು ಮುಚ್ಚಿದ ದಿನವೂ ಅವರು ಅಲ್ಲೇ ಇದ್ದರು, ಪುಟ್ಟೀ. ಆಲ್ಬಂನವರು ನನ್ನ ವಿಳಾಸ ಬರೆದುಕೊಂಡು ಹೋದರು. ಯಾವ ಗಳಿಗೆಯಲ್ಲಿ ಯಾರು ಬಂದು “ಮಗಳೆಲ್ಲಿ” ಎಂದು ಕೇಳುತ್ತಾರೋ. ಅದಕ್ಕಿಂತ ಹೆಚ್ಚಾಗಿ ನೀನು ಕೇಳುವ ಪ್ರಶ್ನೆಗೆ ಹೆದರುತ್ತೇನೆ. ನಿನ್ನೆ ಅದಕ್ಕೇ ಹವಾಮಾನದ ಮಾತಾಡಿ ಫೋನಿಟ್ಟೆ. ಇನ್ನೂ ಬರೆಯಬೇಕಿತ್ತು, ಆದರೆ ಬೆಳಕು ಹೋಗುತ್ತಿದೆ, ಅಕ್ಷರಗಳು ಗೆರೆ ಬಿಟ್ಟು ಇಳಿಯುತ್ತಿವೆ.

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ನೀವಿಬ್ಬರೂ ತಣ್ಣಗಿರಿ.

ನಿನ್ನ
ಅಪ್ಪ

ಮಡಚುವ ಮುಂಚೆ ಇನ್ನೊಂದು: ಮೇಲೆ ಮುಚ್ಚಿಟ್ಟೆ. ನಾನು ಸೋಮವಾರ ಅಲ್ಲಿಗೆ ಹೋಗಿದ್ದೆ. ನಿಮ್ಮಜ್ಜಿಯ ಕಣ್ಣು ಪೂರ್ತಿ ಮಂಜು, ಕಿವಿ ಮಾತ್ರ ಚುರುಕು. ಅಳಿಯ ಎಂದೆ. ನನ್ನ ಕೈ ಹಿಡಿದು, “ಅವಳಿಗೆ ನನ್ನ ಮೇಲೆ ಇನ್ನೂ ಸಿಟ್ಟಾ?” ಎಂದರು. “ಊರಲ್ಲಿಲ್ಲ, ಭಾನುವಾರ ಬರ್ತಾಳೆ” ಎಂದುಬಿಟ್ಟೆ. ಬದುಕಿದ್ದವರನ್ನು ಸಾಯಿಸಿದ ಬಾಯಿ ಈಗ ಸತ್ತವಳನ್ನು ಬದುಕಿಸಿ ಬಂದಿದೆ. ನಿನ್ನ ದನಿ ನಿಮ್ಮಮ್ಮನದೇ. ಶನಿವಾರದ ಬಸ್ಸಿಗೆ ಬಾ. ಅಲ್ಲಿ ಮಗಳೆನ್ನುತ್ತೀಯೋ, ಮೊಮ್ಮಗಳೆನ್ನುತ್ತೀಯೋ, ನಿನಗೇ ಬಿಟ್ಟೆ.